ಚೆಂಡೆ ಹಿಡಿದ ಕೈಗೆ ಬೊಕ್ಕೆ ಏಳದ ಹಾಗೆ

ನಮ್ಮ ಯಕ್ಷಗಾನ ಮೇಳದ ಕಳೆದ ತಿರುಗಾಟದಲ್ಲಿ ದೀಪಾವಳಿಯಿಂದ, ಆಟಗಳು ಮುಗಿಯುವ ಪತ್ತನಾಜೆವರೆಗೆ ನನ್ನ ಬಲಗೈಯಲ್ಲಿ ಎದ್ದದ್ದು ಎರಡೇ ಬೊಕ್ಕೆ. ಎರಡೂ ಟೇಪು ಹಾಕಲು ಉದಾಸೀನ ಮಾಡಿದ ದಿನದವು. ಬೊಕ್ಕೆ ಒಡೆಯದೆ ಚೆಂಡೆ ಕೈಗೆ ಹತ್ತುವುದಿಲ್ಲ ಎನ್ನುತ್ತಿದ್ದವರೇ ಈಗ ಚೌಕಿಯಲ್ಲಿ (ವೇಷ ಕಟ್ಟುವ ಕೋಣೆಯಲ್ಲಿ) ನನ್ನ ಟೇಪಿನ ಸುರುಳಿ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನೀರಿಗೆ ಹಾಕಿದ ಹಣ. ಸೈಕಲ್ ಗ್ಲೌಸಿಗೆ ಸುಮಾರು 300 ರೂಪಾಯಿ ಹೋಯಿತು. ಅರ್ಧ ಗಂಟೆಯಲ್ಲಿ ಬೆವರು ಕುಡಿದು ಒದ್ದೆ, ಹೊಲಿಗೆ ತಾಗಿದಲ್ಲಿ ಹೊಸ ಬೊಕ್ಕೆ. ಬ್ಯಾಡ್ಮಿಂಟನ್ ಗ್ರಿಪ್ ಜೋಡಿಗೆ 150ರ ಆಸುಪಾಸು. ಕೋಲಿಗೆ ಸುತ್ತಿದರೆ ಹಿಡಿ ದಪ್ಪ, ತೂಕವೆಲ್ಲ ಹಿಂದಕ್ಕೆ, ಎಡೆಬಿಡದ ವೇಗದ ಪೆಟ್ಟಿನ ಉರುಳಿಕೆ ಸತ್ತೇ ಹೋಯಿತು. ಸೈಕಲ್ ಟ್ಯೂಬ್ ಪುಕ್ಕಟೆ ಸಿಕ್ಕಿತು, ಅದರಷ್ಟು ಕೆಟ್ಟದ್ದು ಬೇರೆ ಇಲ್ಲ. ಕೋಲು ಬೆರಳುಗಳ ನಡುವೆ ಒಂದಿಷ್ಟು ತಿರುಗಲೇಬೇಕು. ರಬ್ಬರು ಅದನ್ನು ಕಚ್ಚಿ ಹಿಡಿದರೆ ಕೋಲಿನ ಜತೆ ಚರ್ಮವೂ ತಿರುಗುತ್ತದೆ. ಪೌಡರ್ ಬೆವರಿಗೆ ಸೇರಿ ಅಂಟಾಯಿತು. ತೆಂಗಿನೆಣ್ಣೆ ಹಚ್ಚಿದರೆ ಕೋಲು ಹೋಗಿ ವೇಷಧಾರಿಯ ಕಾಲಬುಡಕ್ಕೆ. ಬ್ಯಾಂಡ್ ಏಡ್, ವೇಷಗಳು ರಂಗಕ್ಕೆ ಬರುವ ಒಡ್ಡೋಲಗ ಮುಗಿಯುವ ಮೊದಲೇ ಸುರುಟಿಕೊಳ್ಳುತ್ತದೆ.

ಅರ್ಧ ತೊಂದರೆ ಕೋಲಿನಲ್ಲೇ ಉಂಟು. ವಾರ್ನಿಶ್ ಹೊಡೆದ ಕೋಲು ನೋಡಲು ಚಂದ. ಒಣಗೈಯಲ್ಲಿ ಜಾರುತ್ತದೆ, ಬೆವರಿದ ಕೈಗೆ ಅಂಟುತ್ತದೆ. ಜಾರುತ್ತದೆಂದು ಬಿಗಿ ಹಿಡಿದಲ್ಲೇ ಬೊಕ್ಕೆ. ನನ್ನದು ಹುಣಸೆ ಕೋಲು. ಹಿಡಿಯ ಭಾಗ ಆರು ಅಂಗುಲದಷ್ಟು ವಾರ್ನಿಶ್ ಪೂರಾ ಕೆರೆದು, 120ರ ಸ್ಯಾಂಡ್ ಪೇಪರ್, ಆಮೇಲೆ 220. ಅಲ್ಲಿಗೇ ನಿಲ್ಲಿಸಿ, 400 ಹಾಕಿದರೆ ಮತ್ತೆ ಗಾಜಿನ ಹಾಗೆ. ಕೊನೆಗೆ ಹಿಡಿಗೆ ಒಂದು ಒರೆಸುವ ವಸ್ತು ಉಂಟು, ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಇನ್ನು ಟೇಪು. ತೋರುಬೆರಳಿನ ನಡುಗೆಣ್ಣಿನ ಬದಿ, ಹೆಬ್ಬೆರಳಿನ ಒಳಮೈ, ಎರಡೇ ಜಾಗ. ಆಟಕ್ಕೆ ಮುಂಚಿನ ‘ಕೇಳಿ’ ಬಾರಿಸುವ ಮೊದಲೇ ಹಾಕಿಯಾಗಬೇಕು. ಕೈಯನ್ನು ಸೋಪಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಿ, ಟೇಪಿನ ತುದಿ ಕೂರುವಲ್ಲಿ ಮಾತ್ರ ಟಿಂಚರ್ ಬೆಂಜೋಯಿನ್ (ಟೇಪು ಗಟ್ಟಿ ಕೂರಿಸುವ ಅಂಟುಮದ್ದು) ಹತ್ತಿಯಲ್ಲಿ ಮುಟ್ಟಿಸಿ ಒಂದು ನಿಮಿಷ ಬಿಡಿ. ಒಡೆದ ಚರ್ಮಕ್ಕೆ ತಾಗಿದರೆ ದೇವರೇ ಗತಿ. ಬಿಳಿ ಬಟ್ಟೆಯ ಟೇಪು ಅರ್ಧ ಅಂಗುಲ ಅಗಲ, ಎರಡು ಅಂಗುಲಕ್ಕೆ ಸ್ವಲ್ಪ ಕಡಿಮೆ ಉದ್ದ, ಮೂಲೆಗಳನ್ನು ಕತ್ತರಿಯಿಂದ ಗುಂಡಗೆ ಮಾಡಿ. ಅದರ ಅಂಟುಮೈಯ ನಡುವೆ ಉಗುರಿನಷ್ಟು ಮೈಕ್ರೋಪೋರ್ (ಕಾಗದದ ಟೇಪು) ತುಂಡನ್ನು ಅಂಟಿಗೆ ಅಂಟು ಸೇರಿಸಿ ಕೂರಿಸಿ. ಉಜ್ಜುವ ಜಾಗದಲ್ಲಿ ಈಗ ಅಂಟಿಲ್ಲ. ಕೋಲಿನ ಎಳೆತ ಆ ಕಾಗದದಲ್ಲೇ ಜಾರಿ ಹೋಗುತ್ತದೆ, ಬೆಳಗ್ಗೆ ಕಿತ್ತರೆ ಚರ್ಮವೂ ಎದ್ದು ಬರುವುದಿಲ್ಲ.

ಬೆರಳನ್ನು ಕೋಲು ಹಿಡಿದ ಹಾಗೆ ಮಡಚಿಯೇ ಅಂಟಿಸಬೇಕು. ನೆಟ್ಟಗಿನ ಬೆರಳಿಗೆ ಅಂಟಿಸಿದರೆ ಆಮೇಲೆ ಒಳಬದಿಯಲ್ಲಿ ನೆರಿಗೆ ಏಳುತ್ತದೆ, ಆ ನೆರಿಗೆಯೇ ಕೊರೆಯುತ್ತದೆ. ಬೆರಳಿಗೆ ಉಂಗುರದಂತೆ ಪೂರಾ ಸುತ್ತಬೇಡಿ. ವೇಷಗಳು ಸುತ್ತಿ ಹಾರುವ ಧಿಗಿಣಗಳ ಹೊತ್ತಿಗೆ ಬೆರಳು ಊದಿ ಜೋಮು ಹಿಡಿಯುತ್ತದೆ. ಒಂದು ರಾತ್ರಿಯ ಖರ್ಚು ನಾಲ್ಕೈದು ರೂಪಾಯಿ ಬಂದೀತು. ಏಪ್ರಿಲಿನ ಸೆಖೆಗೆ ನಡುರಾತ್ರಿ ಒಮ್ಮೆ ಬದಲಿಸಬೇಕು, ಬೆಳಗಿನವರೆಗೆ ನಡೆಯದ ಕಾಲಮಿತಿಯ ಆಟಕ್ಕೆ ಒಂದೇ ಸಾಕು.

ನಡುವೆ ಒಂದು ಹುಚ್ಚೂ ಮಾಡಿದೆ. ಕೇರಳದ ಪಂಚವಾದ್ಯದ ಮದ್ದಳಂನವರು ಬಟ್ಟೆಪಟ್ಟಿಗೆ ಸುಣ್ಣ, ಅನ್ನದ ಅಂಟು ಹಾಕಿ ಬೆರಳಿಗೆ ಚುಟ್ಟು ಕಟ್ಟುತ್ತಾರಲ್ಲ, ಅದನ್ನು ನಮ್ಮ ಯಕ್ಷಗಾನದ ಮದ್ದಳೆಗೆ ಹಾಕಿ ನೋಡಿದ್ದು. ಬೆರಳು ಉಳಿಯಿತು, ನಾದ ಹೋಯಿತು. ಮರಕ್ಕೆ ಮರ ಬಡಿದ ಸದ್ದು. ಭಾಗವತರು ತಿರುಗಿ ನೋಡಿದ ಮೇಲೆ ಬಿಚ್ಚಿಟ್ಟೆ.

ಕೈಚರ್ಮದ ಜಡ್ಡು ದಪ್ಪ ಇದ್ದಷ್ಟೂ ಒಳ್ಳೆಯದು ಎಂಬುದು ತಪ್ಪು ಲೆಕ್ಕ. ದಪ್ಪ ಜಡ್ಡಿನ ಅಡಿಯಲ್ಲೇ ರಕ್ತದ ಬೊಕ್ಕೆ ಏಳುತ್ತದೆ, ಒಡೆಯಲಿಕ್ಕೂ ಆಗುವುದಿಲ್ಲ. ವಾರಕ್ಕೊಮ್ಮೆ ಸ್ನಾನವಾದ ಮೇಲೆ ಕಾಲುಜ್ಜುವ ಕಲ್ಲಿನಲ್ಲಿ ತೆಳ್ಳಗೆ ಉಜ್ಜಿ. ಮಳೆಗಾಲದಲ್ಲಿ ಅದು ಪೂರಾ ಕರಗುವುದರಿಂದ ಮೇಳ ಹೊರಡುವ ಮೂರು ವಾರ ಮೊದಲೇ ಮರದ ಹಲಗೆಯ ಮೇಲೆ ದಿನಕ್ಕೆ 15 ನಿಮಿಷದಿಂದ ಬಾರಿಸಲು ಸುರು ಮಾಡಿ.

ಅಷ್ಟಾಗಿಯೂ ಎದ್ದರೆ ಮೇಲಿನ ಚರ್ಮ ಕೀಳಬೇಡಿ. ಸ್ಪಿರಿಟಿನಲ್ಲಿ ಒರೆಸಿದ ಸೂಜಿಯಿಂದ ಅಂಚಿನಲ್ಲಿ ಎರಡು ಕಡೆ ಚುಚ್ಚಿ, ನೀರು ಒತ್ತಿ ತೆಗೆದು, ಮೇಲೆ ಅದೇ ಟೇಪು. ಸಕ್ಕರೆ ಕಾಯಿಲೆಯವರು ಚುಚ್ಚಲೇಬೇಡಿ, ಡಾಕ್ಟರಿಗೆ ತೋರಿಸಿ. ಕೀವು ಕಂಡರೆ ಎಲ್ಲರೂ. ಟೇಪಿನ ಅಂಟು ಬಿಡಿಸಲು ತೆಂಗಿನೆಣ್ಣೆ ಆಗುತ್ತದೆ, ಆದರೆ ಮರುದಿನ ಸೋಪು ಹಾಕಿ ಎರಡು ಸಲ ತೊಳೆಯದಿದ್ದರೆ ಹೊಸ ಟೇಪು ಕೂರುವುದಿಲ್ಲ.