ಮಂಜೂರಾದರೂ ಖಾತೆಗೆ ಬಾರದಿದ್ದ ಅಂಗವಿಕಲರ ಪಿಂಚಣಿ: ನನ್ನ ಅನುಭವ

ನನ್ನ ತಮ್ಮನಿಗೆ ಅಂಗವಿಕಲರ ಪಿಂಚಣಿಯ ಮಂಜೂರಾತಿ ಆದೇಶ ಬಂದು ಐದು ತಿಂಗಳಾದರೂ, ಅರ್ಜಿಯಲ್ಲಿ ಬರೆದ ಖಾತೆಗೆ ಒಂದು ಕಂತೂ ಜಮೆಯಾಗಿರಲಿಲ್ಲ. ಯುಡಿಐಡಿ ಕಾರ್ಡಿನಲ್ಲಿ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಅಂಗವೈಕಲ್ಯ ಶೇ. 75 ಎಂದಿತ್ತು; ಹೆಸರು, ಜನ್ಮದಿನಾಂಕ ಆಧಾರ್‌ಗೆ ಹೊಂದುತ್ತಿದ್ದವು.

ಹೊಸದಾಗಿ ಅರ್ಜಿ ಹಾಕಿದರೆ ಈಗಾಗಲೇ ಮಂಜೂರಾಗಿದೆ ಎಂದು ತಿರಸ್ಕೃತವಾಯಿತು. ಪಾಸ್‌ಬುಕ್ಕಿನ ಪ್ರತಿಯನ್ನು ಎರಡು ಬಾರಿ ಕೊಟ್ಟೆವು. ಬ್ಯಾಂಕಿನಲ್ಲಿ ವಿಚಾರಿಸಿದಾಗಲೆಲ್ಲ 'ಆಧಾರ್ ಲಿಂಕ್ ಆಗಿದೆ' ಎಂಬ ಉತ್ತರವೇ ಸಿಗುತ್ತಿತ್ತು.

ತೊಡಕು ಇದ್ದದ್ದು ಆ ಉತ್ತರದಲ್ಲೇ. ಕೆವೈಸಿಗಾಗಿ, ಅಂದರೆ ಗ್ರಾಹಕರ ಗುರುತಿನ ದೃಢೀಕರಣಕ್ಕಾಗಿ, ಖಾತೆಗೆ ಆಧಾರ್ ಜೋಡಿಸುವುದು ಬೇರೆ, ಸರ್ಕಾರದ ನೇರ ನಗದು ವರ್ಗಾವಣೆಗಾಗಿ (ಡಿಬಿಟಿ) ಎನ್‌ಪಿಸಿಐ ಮ್ಯಾಪರ್‌ನಲ್ಲಿ, ಅಂದರೆ ಯಾವ ಆಧಾರ್‌ನ ಹಣ ಯಾವ ಬ್ಯಾಂಕಿಗೆ ಹೋಗಬೇಕೆಂದು ತೋರಿಸುವ ರಾಷ್ಟ್ರೀಯ ಪಾವತಿ ನಿಗಮದ ಪಟ್ಟಿಯಲ್ಲಿ, ನಮೂದಿಸುವುದು (ಸೀಡಿಂಗ್) ಬೇರೆ. ಒಂದು ಆಧಾರ್‌ಗೆ ಮ್ಯಾಪರ್‌ನಲ್ಲಿ ಒಂದೇ ಬ್ಯಾಂಕ್ ಇರುತ್ತದೆ, ಆಧಾರ್ ಆಧಾರಿತ ಹಣ ಅಲ್ಲಿಗೇ ಹೋಗುತ್ತದೆ.

ಮೊದಲು ಆಧಾರ್ ಕೇಂದ್ರದಲ್ಲಿ ಮೊಬೈಲ್ ಸಂಖ್ಯೆಯನ್ನು ನವೀಕರಿಸಿದೆವು, ಏಕೆಂದರೆ ಅದಿಲ್ಲದೆ ಒಟಿಪಿ ಬರುವುದಿಲ್ಲ. ನಂತರ ಮೈ ಆಧಾರ್ ಪೋರ್ಟಲ್‌ಗೆ ಲಾಗಿನ್ ಆಗಿ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ತೆರೆದಾಗ, ವಿದ್ಯಾರ್ಥಿವೇತನಕ್ಕೆಂದು ಹಿಂದೆ ತೆರೆದು ವರ್ಷಗಳಿಂದ ಬಳಸದೆ ಬಿಟ್ಟಿದ್ದ ಖಾತೆಯ ಬ್ಯಾಂಕಿನ ಹೆಸರು ಅಲ್ಲಿತ್ತು. ಆ ಪುಟವನ್ನು ಮುದ್ರಿಸಿಕೊಂಡು ಈಗಿನ ಬ್ಯಾಂಕಿಗೆ ಹೋಗಿ, ಡಿಬಿಟಿ ಸಮ್ಮತಿ ಪತ್ರದಲ್ಲಿ 'ಬೇರೆ ಬ್ಯಾಂಕಿನಿಂದ ವರ್ಗಾವಣೆ' ಎಂಬುದನ್ನು ಗುರುತು ಮಾಡಿ, ಹಳೆಯ ಬ್ಯಾಂಕಿನ ಹೆಸರನ್ನು ಬರೆದು, ತಮ್ಮನ ಹೆಬ್ಬೆಟ್ಟು ಹಾಕಿಸಿ, ಸ್ವೀಕೃತಿಯ ಮೊಹರು ಪಡೆದೆವು. ಕೌಂಟರ್‌ನಲ್ಲಿ 'ಲಿಂಕ್' ಎನ್ನದೆ 'ಎನ್‌ಪಿಸಿಐ ಸೀಡಿಂಗ್' ಎಂದೇ ಹೇಳುವುದು ಮುಖ್ಯ. ಹೊಸ ಬ್ಯಾಂಕಿನ ಹೆಸರು ಪೋರ್ಟಲ್‌ನಲ್ಲಿ ಕಾಣುವವರೆಗೆ ಹಳೆಯ ಖಾತೆಯನ್ನು ಮುಚ್ಚಲಿಲ್ಲ. ವಾರದೊಳಗೆ ಹೆಸರು ಬದಲಾಯಿತು. ಮುಂದಿನ ತಿಂಗಳ ಕಂತು ಈ ಖಾತೆಗೇ ಜಮೆಯಾಯಿತು.