ಹಾಸಿಗೆ ಹಿಡಿದವರ ಮನೆಗೆ ಹೋಗುವವರಿಗೆ

ನಮ್ಮದು ಬಾಸೆಲ್ ಮಿಷನ್ ಪಾದ್ರಿಗಳ ಕಾಲದ ಕ್ರೈಸ್ತ ಸಭೆ, ಅಂದರೆ ಚರ್ಚ್. ಜ್ವರ ಬಿಟ್ಟವರು, ಮಗಳಿಗೆ ಕೆಲಸ ಸಿಕ್ಕವರು ಭಾನುವಾರ ದೇವರಿಗೆ ಕೃತಜ್ಞತೆಯಾಗಿ ಲಕೋಟೆಯಲ್ಲಿ ಸ್ತೋತ್ರ ಕಾಣಿಕೆ ಹಾಕುತ್ತಾರೆ. ನಾನೂ ಹಾಕುತ್ತೇನೆ. ಆದರೆ ನರ್ಸ್ ಕೆಲಸದಿಂದ ನಿವೃತ್ತಳಾದ ಮೇಲೂ ನನ್ನ ಕಾಲುಗಳು ಗಟ್ಟಿಯಾಗಿವೆ. ಅದರ ಕೃತಜ್ಞತೆಯನ್ನು ಲಕೋಟೆಯಲ್ಲಿ ಹಾಕಿ ಮುಗಿಸಲು ಮನಸ್ಸಾಗಲಿಲ್ಲ. ಊರಿನಲ್ಲಿ ಹಾಸಿಗೆ ಹಿಡಿದವರ ಮನೆಗಳಿಗೆ ಹೋಗುತ್ತೇನೆ. ಜೊತೆಗೆ ಬರಲು ಬಯಸುವ ಹೊಸಬರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ರೋಗಿಯನ್ನಲ್ಲ, ರೋಗಿಯನ್ನು ನೋಡಿಕೊಳ್ಳುವವಳನ್ನು ಗಮನಿಸಿ. ಸಾಮಾನ್ಯವಾಗಿ ಅವಳು ಸೊಸೆ, ಇಲ್ಲವೇ ಮದುವೆಯಾಗದ ಮಗಳು. “ಏನಾದರೂ ಬೇಕಿದ್ದರೆ ಹೇಳಮ್ಮ” ಎಂದರೆ ಯಾರೂ ಹೇಳುವುದಿಲ್ಲ. “ಗುರುವಾರ ಹತ್ತರಿಂದ ಒಂದರವರೆಗೆ ನಾವಿಬ್ಬರು ಅತ್ತೆಯ ಹತ್ತಿರ ಕೂರುತ್ತೇವೆ, ನೀನು ಹೊರಗೆ ಹೋಗಿ ಬಾ” ಎನ್ನಿ. ಅವಳು ಬ್ಯಾಂಕಿಗೆ ಹೋಗಲಿ, ಪಕ್ಕದ ಮನೆಯಲ್ಲಿ ಮಲಗಿ ನಿದ್ರಿಸಲಿ. ಎಲ್ಲಿಗೆ ಹೋಗಿದ್ದೆ ಎಂದು ಮಾತ್ರ ವಿಚಾರಿಸಬೇಡಿ.

ಸೇಬು, ಹಾರ್ಲಿಕ್ಸ್ ಒಯ್ಯುವ ಅಭ್ಯಾಸ ಬಿಡಿ. ಸಕ್ಕರೆ ಕಾಯಿಲೆಯವರ ಮನೆಯಲ್ಲಿ ಹಾರ್ಲಿಕ್ಸ್ ಬಾಟಲಿಗಳು ಸಾಲಾಗಿ ನಿಂತಿರುವುದನ್ನು ಬೇಕಾದಷ್ಟು ಕಂಡಿದ್ದೇನೆ. ಒಗೆದು ಮೆತ್ತಗಾದ ಹಳೆಯ ಪಂಚೆಗಳು, ಹಾಸಿಗೆಯ ಮೇಲೆ ಹಾಸುವ ರಬ್ಬರ್ ಶೀಟ್, ಸಾಬೂನು, ದೊಡ್ಡವರ ಡೈಪರ್: ಖರ್ಚು ಬೀಳುವುದು ಇವುಗಳಿಗೆ.

ಇನ್ನು ಮುಖ್ಯವಾದ ಕೆಲಸ, ಹಾಸಿಗೆ ಹುಣ್ಣು ಆಗದಂತೆ ನೋಡಿಕೊಳ್ಳುವುದು. ಸ್ವತಃ ಹೊರಳಲಾಗದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಎಳೆಯಬೇಡಿ, ಎಳೆದರೆ ಚರ್ಮ ಉಜ್ಜಿ ಕಿತ್ತುಬರುತ್ತದೆ. ಕೆಳಗೆ ಹಾಸಿದ ಬಟ್ಟೆಯ ಎರಡೂ ಬದಿ ಹಿಡಿದು ಇಬ್ಬರು ಎತ್ತಿ. ಬಾಲಮೂಳೆ, ಸೊಂಟದ ಪಕ್ಕ, ಹಿಮ್ಮಡಿ, ಮೊಣಕೈ, ತಲೆಯ ಹಿಂಭಾಗ ನೋಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿದಾಗ ಬಿಳಿಚಿಕೊಳ್ಳದಿದ್ದರೆ ಹುಣ್ಣು ಶುರುವಾಗಿದೆ ಎಂದೇ ಅರ್ಥ. ನಮ್ಮವರ ಕಪ್ಪು ಚರ್ಮದಲ್ಲಿ ಕೆಂಪು ಕಾಣದಿರಬಹುದು. ಆ ಜಾಗ ಸುತ್ತಲಿಗಿಂತ ಬಿಸಿಯೋ, ಗಟ್ಟಿಯೋ ಎಂದು ಮುಟ್ಟಿ ನೋಡಿ. ಅಲ್ಲಿ ಎಣ್ಣೆ ಹಚ್ಚಿ ತಿಕ್ಕಬೇಡಿ, ನರ್ಸ್‌ಗೋ ವೈದ್ಯರಿಗೋ ತಿಳಿಸಿ. ನಡುವೆ ತೂತಿರುವ ದಿಂಬೂ ಬೇಡ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಿ. ಗಂಜಿ ಕುಡಿಸುವಾಗ ಬೆನ್ನು ನೆಟ್ಟಗಿರಲಿ, ಆಮೇಲೂ ಅರ್ಧ ಗಂಟೆ ಹಾಗೆಯೇ ಕೂರಿಸಿ.

ಪ್ರಾರ್ಥನೆಯ ವಿಷಯ. ನಮ್ಮವರಾದರೂ ಕೇಳಿಯೇ ಮಾಡಿ, ಚಿಕ್ಕದಾಗಿ ಮಾಡಿ. ಬೇರೆ ಧರ್ಮದವರ ಮನೆಗೆ ಕರಪತ್ರ ಒಯ್ಯಬೇಡಿ. ಬೈಬಲಿನ ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ಯೇಸು ರೋಗಿಯ ಜಾಗದಲ್ಲಿ ತನ್ನನ್ನೇ ಇಟ್ಟುಕೊಂಡು ಮಾತನಾಡುತ್ತಾನೆ. ಹಾಗಿರುವಾಗ ಆತನನ್ನು ಆ ಮನೆಗೆ ನಾವು ಹೊತ್ತುಕೊಂಡು ಹೋಗಬೇಕೇ? ಫೋಟೊ ತೆಗೆಯುವುದಂತೂ ಸಲ್ಲದು, ಸಭೆಯ ವರದಿಗಾದರೂ ಸರಿಯೇ.

ಕೆಲವರು ಬೈಯುತ್ತಾರೆ. ನೋವಿನಲ್ಲಿರುವವರು ಉಪಚಾರದ ಮಾತಾಡಲಿ ಎಂದು ಕಾಯಬೇಡಿ. ಲೂಕ 17ರಲ್ಲಿ ಗುಣವಾದ ಹತ್ತು ಕುಷ್ಠರೋಗಿಗಳಲ್ಲಿ ಒಬ್ಬನೇ ತಿರುಗಿ ಬಂದ. ಉಳಿದ ಒಂಬತ್ತು ಮಂದಿಯ ಆರೋಗ್ಯವನ್ನು ಯೇಸು ವಾಪಸು ಪಡೆಯಲಿಲ್ಲ. ಇನ್ನು ಮನೆಯವರು ಕಾಫಿ ಕೊಟ್ಟರೆ ಕುಡಿಯಿರಿ, ಹಿತ್ತಲಿನ ನುಗ್ಗೆಕಾಯಿ ಕೊಟ್ಟರೆ ಸಂತೋಷದಿಂದ ಚೀಲಕ್ಕೆ ಹಾಕಿಕೊಳ್ಳಿ. ಬೇಡ ಬೇಡ ಎಂದು ದೊಡ್ಡಸ್ತಿಕೆ ತೋರಿಸಿದರೆ ಅವರನ್ನು ಸಾಲಗಾರರನ್ನಾಗಿ ಮಾಡಿದ ಹಾಗೆ.

ಕಾಗದಪತ್ರದ ಕೆಲಸವನ್ನು ಕೀಳಾಗಿ ಕಾಣಬೇಡಿ. 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಬರುತ್ತಿದೆಯೇ ಎಂದು ಕೇಳಿ. ಇಲ್ಲವಾದರೆ ನಾಡಕಚೇರಿಯಲ್ಲಿ ಅರ್ಜಿ ಹಾಕಲು ನೀವೇ ಜೊತೆಗೆ ಹೋಗಿ. ಹಣ ಕೊಡುವುದಿದ್ದರೆ ಒಬ್ಬರೇ ಕೊಡಬೇಡಿ, ಪುಸ್ತಕದಲ್ಲಿ ಬರೆದಿಡಿ.

ರೋಗಿ ತೀರಿಕೊಂಡ ಮೇಲೂ ಕೆಲವು ಗುರುವಾರ ಹೋಗಿ. ಮನೆಯಲ್ಲಿ ಆದ ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ಅಳುವ ಮನೆಯಲ್ಲಿ ಅದು ಮರೆತುಹೋಗುತ್ತದೆ, ನೀವು ನೆನಪಿಸಿ. ಉಳಿದ ಡೈಪರ್‌ಗಳನ್ನು, ರಬ್ಬರ್ ಶೀಟನ್ನು ಇನ್ನೊಂದು ಮನೆಗೆ ಕೊಡಬಹುದೇ ಎಂದು ಸೊಸೆಯನ್ನು ಕೇಳಿ. ಕೆಲವೊಮ್ಮೆ ಅವಳೇ, ನಾನೇ ತಂದುಕೊಡುತ್ತೇನೆ ಎಂದು ಹೊರಡುತ್ತಾಳೆ.