ಇಂಗ್ಲಿಷ್ ಪದದ ಹುಟ್ಟು ಹುಡುಕುವುದು ಹೇಗೆ?

ನಾರ್ತ್, ಈಸ್ಟ್, ವೆಸ್ಟ್, ಸೌತ್ ಎಂಬ ನಾಲ್ಕು ದಿಕ್ಕುಗಳ ಮೊದಲಕ್ಷರ ಸೇರಿ 'ನ್ಯೂಸ್' ಆಯಿತು ಎಂಬ ಮಾತನ್ನು ಅನೇಕರು ಶಾಲೆಯಲ್ಲೇ ಕೇಳಿರುತ್ತಾರೆ. ಕೇಳಲು ಚೆಂದ, ಆದರೆ ನಿಜವಲ್ಲ. 'ನ್ಯೂ' ಎಂದರೆ ಹೊಸದು. ಅದರ ಬಹುವಚನವೇ ನ್ಯೂಸ್, ಅಂದರೆ ಹೊಸ ಸಂಗತಿಗಳು. ಹಳೆಯ ಬರಹಗಳಲ್ಲಿ ಈ ಪದದ ಕೊನೆಯ 'ಎಸ್'ಗೆ ಮೊದಲು ಇನ್ನೊಂದು 'ಇ' ಬರುತ್ತಿತ್ತು. ದಿಕ್ಕಿನ ಲೆಕ್ಕ ಹಿಡಿದರೆ ಪೂರ್ವ ಎರಡು ಸಲ ಬರಬೇಕಾಗುತ್ತದೆ! ಇಂಥ ಕಟ್ಟುಕತೆಗಳನ್ನು ದಾಟಿ ಪದದ ನಿಜವಾದ ಮೂಲ ತಿಳಿಯಲು ಭಾಷಾಶಾಸ್ತ್ರದ ಪದವಿ ಬೇಕಿಲ್ಲ. ಒಳ್ಳೆಯ ನಿಘಂಟು, ಒಂದಿಷ್ಟು ತಾಳ್ಮೆ ಇದ್ದರೆ ಸಾಕು.

ಮೊದಲು ಇಸವಿ ನೋಡಿ

ಪದ ಬರಹದಲ್ಲಿ ಮೊದಲು ಸಿಕ್ಕಿದ್ದು ಯಾವಾಗ ಎಂಬುದೇ ಎಲ್ಲಕ್ಕಿಂತ ಮುಖ್ಯ. ಆನ್‌ಲೈನ್ ಎಟಿಮಾಲಜಿ ಡಿಕ್ಷನರಿ ಇದನ್ನು ಉಚಿತವಾಗಿ ತಿಳಿಸುತ್ತದೆ. ಇನ್ನೂ ಆಳಕ್ಕೆ ಹೋಗಬೇಕೆಂದರೆ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ ಇದೆ. ಅದರ ಮೊದಲ ಕಂತು ಹೊರಬಂದದ್ದು 1884ರಲ್ಲಿ, ಮೊದಲ ಆವೃತ್ತಿ ಮುಗಿದದ್ದು 1928ರಲ್ಲಿ. ಊರೂರುಗಳ ಓದುಗರು ಪುಸ್ತಕಗಳಿಂದ ಸಾಲುಗಳನ್ನು ಹೆಕ್ಕಿ ಚೀಟಿಗಳಲ್ಲಿ ಬರೆದು ಕಳಿಸಿದ್ದರಿಂದಲೇ ಅದು ಸಾಧ್ಯವಾಯಿತು. ಪದದ ಪ್ರತಿ ಅರ್ಥಕ್ಕೂ ಇಸವಿ ಸಮೇತ ಉದಾಹರಣೆ ಕೊಡುವುದು ಅದರ ಹೆಗ್ಗಳಿಕೆ.

ಇಸವಿ ಸಿಕ್ಕಿದರೆ ಅರ್ಧ ಕಟ್ಟುಕತೆಗಳು ಅಲ್ಲೇ ಬಿದ್ದುಹೋಗುತ್ತವೆ. ಮೊದಲಕ್ಷರಗಳನ್ನು ಜೋಡಿಸಿ ಪದ ಮಾಡುವ ರೂಢಿ 20ನೇ ಶತಮಾನಕ್ಕೆ ಮುಂಚೆ ಬಲು ಅಪರೂಪ. 1940ರ 'ರೇಡಾರ್' ಹಾಗೆ ಹುಟ್ಟಿದ್ದು ನಿಜ. ಆದರೆ ನೂರಾರು ವರ್ಷ ಹಳೆಯ ಪದಕ್ಕೆ ಯಾರಾದರೂ ಅದೇ ವಿವರಣೆ ಕೊಟ್ಟರೆ ಅನುಮಾನಿಸಿ.

ಹಳೆಯ ಅರ್ಥಗಳನ್ನು ಸಾಲಾಗಿ ಓದಿ

'ನೈಸ್' ಪದದ ಲ್ಯಾಟಿನ್ ಮೂಲಕ್ಕೆ 'ಏನೂ ತಿಳಿಯದವನು' ಎಂಬ ಅರ್ಥ. ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದಾಗಲೂ ಅದು ಪೆದ್ದನನ್ನು ಸೂಚಿಸುತ್ತಿತ್ತು. ಆಮೇಲೆ ಅತಿ ನಾಜೂಕು, ನಿಖರ ಎಂದೆಲ್ಲ ಅರ್ಥ ಪಡೆದು, 18ನೇ ಶತಮಾನದಲ್ಲಿ 'ಹಿತವಾದ' ಎಂಬಲ್ಲಿಗೆ ತಲುಪಿತು. 'ಸಿಲ್ಲಿ' ನಡೆದದ್ದು ಇದಕ್ಕೆ ತಿರುಗಾಮುರುಗಾ: ಧನ್ಯ ಎಂಬ ಅರ್ಥದಿಂದ 'ಅಯ್ಯೋ ಪಾಪ' ಎನಿಸುವವನಿಗೆ, ಅಲ್ಲಿಂದ ದಡ್ಡನಿಗೆ.

ಕಾಗುಣಿತವನ್ನು ಪೂರ್ತಿ ನಂಬಬೇಡಿ

ಎಲ್ಲಕ್ಕಿಂತ ಕುತೂಹಲದ ಘಟ್ಟ ಇದು. ಸಾಲ ಎಂಬರ್ಥದ 'ಡೆಟ್' ಪದದಲ್ಲಿ ಯಾರೂ ಉಚ್ಚರಿಸದ ಒಂದು 'ಬಿ' ಇದೆ. ಪದ ಬಂದದ್ದು ಫ್ರೆಂಚಿನಿಂದ, ಬರುವಾಗ 'ಬಿ' ಇರಲಿಲ್ಲ. ಲ್ಯಾಟಿನ್ನಿನ 'ಡೆಬಿಟುಮ್' ನೆನಪಿಸಲೆಂದು ವಿದ್ವಾಂಸರು ಆಮೇಲೆ ಸೇರಿಸಿದರು. ಅವರ ಲ್ಯಾಟಿನ್ ನಂಟಾದರೂ ಸರಿಯಿತ್ತು. 'ಐಲೆಂಡ್' ಪದದ 'ಎಸ್' ಮಾತ್ರ ಶುದ್ಧ ತಪ್ಪು ತಿಳಿವಳಿಕೆ. ಅದು ಅಪ್ಪಟ ಹಳೆಯ ಇಂಗ್ಲಿಷ್ ಪದ. ಫ್ರೆಂಚಿನಿಂದ ಬಂದ, ದ್ವೀಪ ಎಂಬರ್ಥದ್ದೇ ಆದ 'ಐಲ್' ಜೊತೆ ನಂಟಿದೆ ಎಂದು ಭ್ರಮಿಸಿ ಅದರ 'ಎಸ್' ಇದಕ್ಕೂ ಅಂಟಿಸಿದರು. ಪದ ಒಡೆಯುವ ಜಾಗವೂ ತಪ್ಪಬಹುದು. 'ಎ ನೇಪ್ರನ್' ಎಂಬುದನ್ನು ಜನ 'ಆನ್ ಏಪ್ರನ್' ಎಂದು ಕೇಳಿಸಿಕೊಂಡು 'ನ' ಕಳೆದುಬಿಟ್ಟರು.

ಬಂಧು ಭಾಷೆಗಳಲ್ಲಿ ಹುಡುಕಿ

ಸಂಸ್ಕೃತವೂ ಇಂಗ್ಲಿಷಿನ ದೂರದ ಬಂಧುವಾದ್ದರಿಂದ ಸಂಸ್ಕೃತ ಪದಗಳ ಪರಿಚಯವಿರುವ ಕನ್ನಡಿಗರಿಗೆ ಈ ಹೆಜ್ಜೆ ಸುಲಭ. ಪಾದ ಮತ್ತು ಫುಟ್, ದಶ ಮತ್ತು ಟೆನ್, ತ್ರಿ ಮತ್ತು ಥ್ರೀ ಜೋಡಿಗಳನ್ನು ಗಮನಿಸಿ. ಪ ಇದ್ದಲ್ಲಿ ಫ, ದ ಇದ್ದಲ್ಲಿ ಟ. ಈ ಧ್ವನಿ ಬದಲಾವಣೆಯ ನಿಯಮವನ್ನು 1822ರಲ್ಲಿ ಜರ್ಮನಿಯ ಯಾಕೋಬ್ ಗ್ರಿಮ್ ವಿವರಿಸಿದ. ನಿಯಮಕ್ಕೆ ಹೊಂದದ ಹೋಲಿಕೆ ಎಷ್ಟೇ ಆಕರ್ಷಕವಾಗಿದ್ದರೂ ಕೈಬಿಡಬೇಕು. ಇಂಗ್ಲಿಷಿನ 'ಹ್ಯಾವ್', ಲ್ಯಾಟಿನ್ನಿನ 'ಹಬೇರೆ' ಎರಡರ ಅರ್ಥವೂ ಹತ್ತಿರ, ಸದ್ದೂ ಹತ್ತಿರ, ಆದರೂ ನಂಟಿಲ್ಲ. ಲ್ಯಾಟಿನ್ನಿನ ಕ ಇಂಗ್ಲಿಷಿನಲ್ಲಿ ಹ ಆಗುತ್ತದಾದ್ದರಿಂದ 'ಹ್ಯಾವ್'ಗೆ ನಿಜವಾದ ಬಂಧು 'ಹಿಡಿಯುವುದು' ಎಂಬರ್ಥದ 'ಕಪೆರೆ'.

ಆಧಾರ ಮುಗಿದಲ್ಲಿ ನಿಲ್ಲಿ

'ಸ್ಯಾಲರಿ' ಪದಕ್ಕೂ ಲ್ಯಾಟಿನ್ನಿನ ಉಪ್ಪಿಗೂ ನಂಟಿದೆ. ಆದರೆ ರೋಮನ್ ಸೈನಿಕರಿಗೆ ಉಪ್ಪನ್ನೇ ಸಂಬಳವಾಗಿ ಕೊಡುತ್ತಿದ್ದರು ಎಂಬುದಕ್ಕೆ ಆ ಕಾಲದ ದಾಖಲೆಯಿಲ್ಲ. 'ಮೂಲ ತಿಳಿದಿಲ್ಲ' ಎಂದು ನಿಘಂಟು ಹೇಳಿದರೆ ಅದನ್ನೂ ಉತ್ತರವೆಂದೇ ಬರೆದಿಟ್ಟುಕೊಳ್ಳಿ. ನಾಯಿಗೆ ಇಂಗ್ಲಿಷಿನ ಹಳೆಯ ಪದ 'ಹೌಂಡ್'. ಅದು ನಮ್ಮ 'ಶ್ವಾನ'ದ ಬಂಧು ಎಂದು ಖಚಿತವಾಗಿ ಹೇಳಬಹುದು. ಅದನ್ನು ಮೂಲೆಗೆ ತಳ್ಳಿದ 'ಡಾಗ್' ಎಲ್ಲಿಂದ ಬಂತು ಎಂಬುದು ಭಾಷಾ ವಿದ್ವಾಂಸರಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.